ನೂರ್ ಆಂಟಿಯ ಕೆಂಪು ಗಿಡಕ್ಕೆ ಟೊಮೇಟೊ ಚಿಕಿತ್ಸೆ

ನಮ್ಮ ಬೀದಿಯಲ್ಲಿ ಅಷ್ಟೊಂದು ಮನೆಗಳಿದ್ದರೂ ನೂರ್ ಆಂಟಿ ತಮ್ಮ ಗಿಡವನ್ನು ತಂದು ಒಪ್ಪಿಸಿದ್ದು ನನ್ನ ಕೈಗೆ. ಮಹಡಿಯ ತುಂಬ ಹೂದೋಟ ಬೆಳೆಸಿರುವ ಮೂಲೆಮನೆ ಪಾರ್ವತಮ್ಮನ ಕೈಗಲ್ಲ, ನನ್ನ ಕೈಗೆ! ಎಂ.ಎ. ಓದಿದವನು, ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವನು, ಹೊಣೆಯರಿತ ಮನುಷ್ಯ ಎಂದು ಗುರುತಿಸಿದ್ದಾರೆ ಎಂದುಕೊಂಡೆ. ಯೋಗ್ಯತೆಯನ್ನು ಗುರುತಿಸುವವರು ಮುಳಬಾಗಿಲಿನಲ್ಲಿ ಕಡಿಮೆ. ಸಿಕ್ಕಾಗ ನಿರಾಶೆಗೊಳಿಸಬಾರದು.

ನೂರ್ ಆಂಟಿ ನಮ್ಮ ಮನೆಯ ಮಾಲೀಕರು. ಕೆಳಗೆ ಅವರು, ಮೇಲೆ ನಾವು. ಮಗಳು ಶಬಾನಾಳ ಎರಡನೇ ಬಾಣಂತನಕ್ಕೆಂದು ಮಾಲೂರಿಗೆ ಹೊರಟಿದ್ದರು. ಗಿಡದ ಹೆಸರು ಬ್ರೊಮೆಲಿಯಾಡ್, ಅನಾನಸ್ಸಿನ ವಂಶದ್ದಂತೆ. ಸುತ್ತಲೂ ಉದ್ದುದ್ದ ಹಸಿರು ಎಲೆ, ನಡುವೆ ಅರಗಿನಲ್ಲಿ ಮಾಡಿಟ್ಟಂಥ ಕೆಂಪು ನಕ್ಷತ್ರ. ನೋಡಿದವರು ಒಮ್ಮೆ ಮುಟ್ಟಿ, ಪ್ಲಾಸ್ಟಿಕ್ ಅಲ್ಲವೆಂದು ಖಾತ್ರಿ ಮಾಡಿಕೊಂಡೇ ಮುಂದೆ ಹೋಗುತ್ತಿದ್ದರು.

ಗೇಟಿನ ಬಳಿ ಆಟೋದವನು ಹಾರನ್ ಒತ್ತುತ್ತಲೇ ಇದ್ದ. ಆಂಟಿ ಒಂದು ಕಾಲು ಆಟೋದೊಳಗೆ ಇಟ್ಟು, "ಮೇಷ್ಟ್ರೇ, ಇದರ ಲಾಲ್ ಹೋಗದ ಹಾಗೆ ನೋಡ್ಕೊಳ್ಳಿ" ಎಂದರು. ಇದು ನನ್ನ ನೆನಪು. ಆಟೋ ಹೊರಟ ಮೇಲೂ ಕೈಯಾಡಿಸುತ್ತ ಇನ್ನೇನೋ ಹೇಳುತ್ತಿದ್ದರು ಎಂಬುದೂ ನೆನಪಿದೆ. ನಾನೂ ಕೈಯಾಡಿಸಿ ಟಾಟಾ ಮಾಡಿದೆ. ಆ ದಿನದ ದಿನಚರಿಯಲ್ಲಿ ಬರೆದಿರುವುದು ಇಷ್ಟು: "ಆಂಟಿ ಗಿಡ ಕೊಟ್ಟರು. ಸುಲಭದ ಕೆಲಸ." ಎರಡನೆಯ ವಾಕ್ಯ ಬರೆದ ಮನುಷ್ಯ ಕೈಗೆ ಸಿಕ್ಕಿದರೆ ಕೇಳಬೇಕಾದ ಪ್ರಶ್ನೆಗಳು ಬಹಳ ಇವೆ.

"ರೀ, ಹುಷಾರು" ಎಂದಳು ನನ್ನ ಹೆಂಡತಿ ಸುಜಾತಾ. "ನಂಗೆ ಡೆಂಗ್ಯೂ ಬಂದು ಮಲಗಿದ್ದಾಗ ಹೊತ್ತೊತ್ತಿಗೂ ಗಂಜಿ ತಂದುಕೊಟ್ಟೋರು ಅವರು. ಈ ಗಿಡಕ್ಕೆ ಏನಾದ್ರೂ ಆಯ್ತೋ, ನಾನು ಅವರಿಗೆ ಮುಖ ತೋರಿಸೋಕಾಗಲ್ಲ."

"ಒಂದು ಗಿಡ ಕಣೇ! ಓಡಿ ಹೋಗುತ್ತಾ?"

ಓಡಿ ಹೋಗಿದ್ದರೆ ಬದುಕುತ್ತಿತ್ತೇನೋ.

ಆ ವಾರವೇ ಆರೋಗ್ಯ ಇಲಾಖೆಯ ಹೆಣ್ಣುಮಕ್ಕಳು ಬಂದು ನಮ್ಮ ನೀರಿನ ಡ್ರಮ್ಮುಗಳನ್ನೆಲ್ಲ ಇಣುಕಿ ನೋಡಿ, "ಎಲ್ಲೂ ನೀರು ನಿಲ್ಲೋಕೆ ಬಿಡಬೇಡಿ ಸಾರ್, ಸೊಳ್ಳೆ ಆಗ್ತವೆ" ಎಂದು ಹೇಳಿ ಹೋದರು. ನಾನು ಕಾನೂನು ಪಾಲಿಸುವ ನಾಗರಿಕ. ಮನೆಯೆಲ್ಲ ತಪಾಸಣೆ ಮಾಡಿ ಕೊನೆಗೆ ಗಿಡದೊಳಗೆ ಇಣುಕಿದರೆ, ಎಲೆಗಳು ಕೂಡುವ ನಡುಭಾಗದಲ್ಲಿ ಒಂದು ಬಟ್ಟಲು, ಆ ಬಟ್ಟಲಿನ ತುಂಬ ನೀರು! ಮಾಲೀಕರ ಗಿಡವೇ ಇಲಾಖೆಯ ಆದೇಶವನ್ನು ಉಲ್ಲಂಘಿಸುತ್ತಿದೆ! ತಡಮಾಡದೆ ಕುಂಡವನ್ನು ಎತ್ತಿ ತಲೆಕೆಳಗು ಮಾಡಿದೆ. ನೀರು ಬಿತ್ತು. ಹಿಂದೆಯೇ ಮಣ್ಣು ಬಿತ್ತು. ಅದರ ಹಿಂದೆ ಗಿಡವೂ ಬಿತ್ತು. ಮೂರೂ ಬಿದ್ದದ್ದು ಸೋಫಾದ ಮೇಲೆ.

ಗಿಡವನ್ನು ಮತ್ತೆ ಕುಂಡಕ್ಕೆ ತುರುಕಿ, ಬಟ್ಟಲನ್ನು ಬಟ್ಟೆಯಿಂದ ಒರೆಸಿ ಒಣಗಿಸಿ, ಪ್ರಾಯಶ್ಚಿತ್ತಕ್ಕೆಂದು ಬೇರಿಗೆ ಹೊತ್ತಿಗೊಂದು ಚೊಂಬು ನೀರು ಸುರಿಯತೊಡಗಿದೆ. ಆ ಗಿಡ ನೀರು ಕುಡಿಯುವುದೇ ನಡುವಿನ ಬಟ್ಟಲಿನಿಂದ, ಬೇರಿಗೆ ಅಷ್ಟು ನೀರು ಸುರಿದರೆ ಕೊಳೆಯುತ್ತದೆ ಎಂಬುದು ನನಗೆ ತಿಳಿದದ್ದು ಆಮೇಲೆ. ನನಗೆ ಎಲ್ಲ ತಿಳಿಯುವುದೂ ಆಮೇಲೆಯೇ.

ಕೆಂಪು ಮಂಕಾಗತೊಡಗಿತು. ಮೊದಲು ಹಳೆಯ ಇಟ್ಟಿಗೆಯ ಬಣ್ಣ, ಆಮೇಲೆ ಆರಿದ ಟೀ ಬಣ್ಣ. ಲಾಲ್ ಹೋಗುತ್ತಿದೆ! ಬಿಸಿಲು ತಾಗಿದರೆ ಬಣ್ಣ ಏರುತ್ತದೆ, ಶ್ರೀನಿವಾಸಪುರದ ಮಾವಿಗೆ ಏರುವುದಿಲ್ಲವೇ ಎಂದು ತರ್ಕಿಸಿ ಮಹಡಿಯ ಮೇಲಿಟ್ಟು ಕಾಲೇಜಿಗೆ ಹೋದೆ. ಅದು ಏಪ್ರಿಲ್. ಸಂಜೆ ಬಂದು ನೋಡಿದರೆ ಎಲೆಗಳ ತುದಿ ಹಂಚಿನ ಮೇಲೆ ಮರೆತ ರೊಟ್ಟಿಯಂತಾಗಿತ್ತು.

ಸರಿಯಾಗಿ ಆಗಲೇ ಆಂಟಿಯ ವಿಡಿಯೋ ಕಾಲ್.

"ಮೇಷ್ಟ್ರೇ, ನನ್ನ ಗಿಡ ಹೆಂಗಿದೆ? ಸ್ವಲ್ಪ ತೋರಿಸಿ."

"ಹಲೋ? ಆಂಟಿ? ನೆಟ್‌ವರ್ಕ್ ಇಲ್ಲ ಆಂಟಿ!"

"ಅರೇ, ನಿಮ್ಮ ಮುಖ ಚೆನ್ನಾಗಿ ಕಾಣ್ತಾ ಇದೆಯಲ್ಲ?"

ಮುಖವನ್ನು ಅಲ್ಲಾಡಿಸದೆ ಹಾಗೇ ಹಿಡಿದೆ, ಪರದೆ ನಿಂತುಹೋಗಿದೆ ಎಂದುಕೊಳ್ಳಲಿ ಎಂದು. ಹಿಂದೆ ಫ್ಯಾನ್ ತಿರುಗುತ್ತಿತ್ತು ಎಂದು ಸುಜಾತಾ ಆಮೇಲೆ ಹೇಳಿದಳು.

ಇಂಥ ಸಂದರ್ಭದಲ್ಲಿ ಪ್ರವೇಶವಾದದ್ದು ನನ್ನ ಮಾವನವರದು. ವಕ್ಕಲೇರಿ ಕಡೆ ಟೊಮೇಟೊ ಬೆಳೆಯುವವರು. ಮಗಳನ್ನು ನೋಡಿಹೋಗಲು ಬಂದವರು ಕುಂಡದ ಮುಂದೆ ಕುಕ್ಕರುಗಾಲಲ್ಲಿ ಕೂತುಬಿಟ್ಟರು.

"ಏನ್ ಅಳಿಯಂದ್ರೇ, ಗಿಡ ಇಂಗೆ ಜೋತುಬಿದ್ದದೆ? ಕಡ್ಡಿ ಕಟ್ಟಿಲ್ವಾ?"

"ಮಾವ, ಇದು ಟೊಮೇಟೊ ಅಲ್ಲ."

"ಗಿಡ ಅಂದ್ಮೇಲೆ ಗಿಡಾನೇ ಬಿಡಿ. ಬೇರು ಕೆಳಗೆ, ಎಲೆ ಮ್ಯಾಲೆ. ಇನ್ನೇನು ಬೇಕು?"

ವಾದದಲ್ಲಿ ಹುರುಳಿತ್ತು. ಅಥವಾ ಹತಾಶನಿಗೆ ಎಲ್ಲ ವಾದದಲ್ಲೂ ಹುರುಳು ಕಾಣುತ್ತದೆ. ಅವರು ಗಾಡಿಯಿಂದ ನೀಲಗಿರಿ ಕಡ್ಡಿ, ಪ್ಲಾಸ್ಟಿಕ್ ದಾರ ತಂದರು. ಇಬ್ಬರೂ ಸೇರಿ ಕಡ್ಡಿ ನೆಟ್ಟು, ಎಲೆಗಳನ್ನೆಲ್ಲ ಎತ್ತಿ ಸೇರಿಸಿ ದಾರ ಬಿಗಿದೆವು. ಅಷ್ಟರಲ್ಲಿ ಮಾವ ಬುಡದ ಕಡೆ ಬಗ್ಗಿ ಕೂಗಿದರು.

"ಸಿಕ್ತು ನೋಡಿ ಕಾಯಿಲೆ! ಪಕ್ಕದ ಚಿಗುರು, ಎರಡು! ಸಾರ ಎಲ್ಲಾ ಇವೇ ಕುಡೀತಾ ಅವೆ. ಚಿವುಟಾಕಿ, ತಾಯಿಗೆ ಬಲ ಬರ್ತದೆ. ಅಂತೇ, ಇನ್ನೇನಿಲ್ಲ!"

"ಅಪ್ಪಾ, ಆಂಟೀನ ಒಂದು ಮಾತು ಕೇಳೋಣ" ಎಂದಳು ಸುಜಾತಾ.

"ಕೇಳಿದರೆ ಗಿಡ ತೋರಿಸಿ ಅಂತಾರೆ ಕಣೇ!" ಎಂದು ನಾನೇ ಬಗ್ಗಿ ಕಿತ್ತೆ. ಚಟ್. ಚಟ್. ಎರಡೂ ಬಂದವು. ಕಿಟಕಿಯಿಂದ ಪಕ್ಕದ ಖಾಲಿ ಸೈಟಿಗೆ ಎಸೆದು ಕೈ ಕೊಡವಿಕೊಂಡೆ. ಬಹಳ ದಿನಗಳ ನಂತರ ಏನೋ ಸಾಧಿಸಿದ ತೃಪ್ತಿಯಾಯಿತು.

ಆ ತೃಪ್ತಿ ಮರುದಿನ ಬೆಳಿಗ್ಗೆಯವರೆಗೆ ಇತ್ತು. ಅಷ್ಟರಲ್ಲಿ ಆಂಟಿ ಬಂದಿಳಿದರು. ಜೊತೆಗೆ ಶಬಾನಾ, ಅವಳ ಹೆಗಲ ಮೇಲೆ ಕೂಸು. ಸೀದಾ ಮೆಟ್ಟಿಲು ಹತ್ತಿ ಬಂದು ಕುಂಡದ ಮುಂದೆ ನಿಂತರು. ಕಂಬಕ್ಕೆ ಬಿಗಿದ ಕಳ್ಳನಂತೆ ನಿಂತಿದ್ದ ಗಿಡವನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು.

"ಮೇಷ್ಟ್ರೇ, ಇದನ್ನ ಯಾರು ಅರೆಸ್ಟ್ ಮಾಡಿದ್ದು?"

"ಆಂಟಿ, ಕ್ಷಮಿಸಿ. ಎಷ್ಟು ಪ್ರಯತ್ನಪಟ್ಟರೂ ಲಾಲ್ ನಿಲ್ಲಲಿಲ್ಲ."

"ಲಾಲ್ ಹೋಗಲಿ ಬಿಡಿ! ಒಂದೇ ಸಲ ಹೂ ಬಿಟ್ಟು ಸಾಯೋ ಗಿಡ ಇದು. ಬಚ್ಚೆಗಳು ಎಲ್ಲಿ? ಬುಡದಲ್ಲಿ ಎರಡು ಬಚ್ಚೆ ಬರ್ತಾ ಇತ್ತಲ್ಲ? ಲಾಲ್ ಹೋದ್ರೆ ಹೋಗಲಿ, ಬಚ್ಚೆಗಳನ್ನ ಜೋಪಾನ ಮಾಡಿ ಅಂತ ಆಟೋದಿಂದ ಅಷ್ಟು ಕೂಗಿ ಹೇಳಿದೆ. ನೀವು ಕೈಯೆತ್ತಿ ಹೂಂ ಅಂದ್ರಿ!"

ಹೇಳಿರಬಹುದು. ನಾನು ಹೂಂ ಅಂದಿರಲೂಬಹುದು. ಸುಜಾತಾ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಪರವಾಗಿರಲಿಲ್ಲ.

"ಒಂದು ನನ್ನ ಹೊಸ ಮನೆಗೆ ಅಂತ ಅಮ್ಮಿ ಹೇಳಿದ್ರು" ಎಂದಳು ಶಬಾನಾ, ಮೆಲ್ಲಗೆ.

ಮೆಟ್ಟಿಲಿಳಿದು ಖಾಲಿ ಸೈಟಿಗೆ ಓಡಿದೆ. ಪಂಚೆ ಎತ್ತಿ ಕಟ್ಟಿ, ಪಾರ್ಥೇನಿಯಂ ಪೊದೆಗಳ ನಡುವೆ ನಾಲ್ಕು ಕಾಲಲ್ಲಿ ತೆವಳಿದೆ. ಮೇಲಿನ ಕಿಟಕಿಯಿಂದ ಮೂವರು ಹೆಂಗಸರು, ಮಾವನವರು, ಒಂದು ಕೂಸು ನೋಡುತ್ತಿದ್ದರು. ಅದೇ ದಾರಿಯಲ್ಲಿ ಕಾಲೇಜಿಗೆ ಹೊರಟಿದ್ದ ನನ್ನ ವಿದ್ಯಾರ್ಥಿನಿಯರು "ಗುಡ್ ಮಾರ್ನಿಂಗ್ ಸಾರ್" ಎಂದರು. ಒಂದು ಚಿಗುರು ಸಿಕ್ಕಿತು. ಇನ್ನೊಂದರ ವಿಷಯ ಅಲ್ಲೇ ಮೇಯುತ್ತಿದ್ದ ಮೇಕೆಗೆ ಗೊತ್ತು.

ಸಿಕ್ಕಿದ್ದನ್ನು ತಂದುಕೊಟ್ಟೆ. ಆಂಟಿ ಅದನ್ನು ತಿರುಗಿಸಿ ಬುಡ ನೋಡಿ, "ಇನ್ನೂ ಹಸಿ ಇದೆ, ಬದುಕಬಹುದು" ಎಂದು ಸೆರಗಿನಲ್ಲಿ ಸುತ್ತಿಕೊಂಡರು. ಆಗ ಸುಜಾತಾ ಧೈರ್ಯ ಮಾಡಿ ಕೇಳಿದಳು:

"ಅಲ್ಲ ಆಂಟಿ, ಪಾರ್ವತಮ್ಮನೋರಿಗೆ ಕೊಡೋದಲ್ವಾ?"

"ನಕ್ಕೋ ಮ್ಮಾ, ಬೇಡ! ಪಾರ್ವತಮ್ಮ ಬೆಳಗಾದ್ರೆ ಗೊಬ್ಬರ, ಕತ್ತರಿ ಹಿಡ್ಕೊಂಡು ಏನಾದ್ರೂ ಮಾಡ್ತಾನೇ ಇರ್ತಾಳೆ. ಈ ಗಿಡಕ್ಕೆ ಏನೂ ಮಾಡಬಾರದು. ಆ ಕಪ್ಪಲ್ಲಿ ಸ್ವಲ್ಪ ನೀರಿದ್ರೆ ಆಯ್ತು. ಈ ಬೀದೀಲಿ ಏನೂ ಮಾಡದೆ ಕೂತಿರೋರು ಯಾರಪ್ಪಾ ಅಂತ ಯೋಚನೆ ಮಾಡಿದೆ. ಮೇಷ್ಟ್ರು ನೆನಪಾದರು!"

ಮಾವನವರಿಗೆ ಕೆಮ್ಮು ಬಂತು. ಸುಜಾತಾ ಅಡುಗೆಮನೆಗೆ ಓಡಿದಳು. ಅಲ್ಲಿಂದ ಬಂದ ಸದ್ದು ಅಳುವಿನದಲ್ಲ.

ಎಂ.ಎ. ಅಲ್ಲ, ಇತಿಹಾಸವಲ್ಲ, ಹೊಣೆಗಾರಿಕೆಯಂತೂ ಅಲ್ಲವೇ ಅಲ್ಲ! ಇಡೀ ಬೀದಿಯನ್ನು ಸೋಸಿ, ಶುದ್ಧ ಸೋಮಾರಿತನದ ಆಧಾರದ ಮೇಲೆ ನನ್ನನ್ನು ಆರಿಸಲಾಗಿತ್ತು. ಜೀವಮಾನದಲ್ಲಿ ಅರ್ಹತೆಗೆ ತಕ್ಕ ಕೆಲಸ ಸಿಕ್ಕಿದ್ದು ಅದೊಂದೇ ಸಲ. ಅದರಲ್ಲೂ ಫೇಲು!

ಚಿಗುರು ಕೆಳಗಿನ ಮನೆಯಲ್ಲಿ ಬೇರು ಬಿಟ್ಟಿದೆಯಂತೆ. 'ಅಂತೆ' ಎನ್ನುತ್ತೇನೆ, ಏಕೆಂದರೆ ನಾನು ಮೆಟ್ಟಿಲಿಳಿಯುವ ಸದ್ದು ಕೇಳಿದರೆ ಸಾಕು, ಆಂಟಿ ಅದನ್ನು ಒಳಗೆ ಎತ್ತಿಕೊಂಡು ಹೋಗುತ್ತಾರೆ. ಮೇಲೂ ನನ್ನ ಸ್ಥಿತಿ ಹೆಚ್ಚು ಬೇರೆಯಲ್ಲ. ನಿನ್ನೆ ಸಂಜೆ ಕುರ್ಚಿಯಿಂದ ಏಳಲು ನೋಡಿದೆ.

"ಎಲ್ಲಿಗೆ?" ಎಂದಳು ಸುಜಾತಾ.

"ಸುಮ್ಮನೆ... ಏನಾದರೂ ಸಹಾಯ ಮಾಡೋಣ ಅಂತ."

"ಬೇಡ ರೀ. ಕೂತ್ಕೊಳ್ಳಿ."

ಕೂತೆ.