ಚಳ್ಳಕೆರೆಯ ಕೇಸರಿ ಹೂವು

ನಮ್ಮ ಮನೆಯಲ್ಲಿ ಏನೇ ನೆಡಿ, ಮೊದಲು ಚಿಗುರುವುದು ಜಗಳ. ಎಲೆ ಬರುವುದು ಆಮೇಲೆ. ಕರಿಬೇವಿಗೂ ಹೀಗೇ ಆಯಿತು, ಗುಲಾಬಿಗೂ ಹೀಗೇ ಆಯಿತು. ಆದರೆ ಚಳ್ಳಕೆರೆಯ ಬಿಸಿಲಲ್ಲಿ ಕಾಶ್ಮೀರದ ಕೇಸರಿ ಬೆಳೆಯಲು ಹೊರಟ ವರ್ಷವನ್ನು ನೆನೆಸಿಕೊಂಡರೆ ಈಗಲೂ ಒಬ್ಬಳೇ ಕೂತು ನಗುತ್ತೇನೆ.

ಶಾಲು

ಎರಡು ಸಾವಿರದ ಐದೋ ಆರೋ ಇರಬೇಕು. ನನ್ನ ಗಂಡ ಶೇಂಗಾ ವ್ಯಾಪಾರಿ. ಬೇಸಿಗೆ ಮುಗಿಯುವ ಹೊತ್ತಿಗೆ ಮಂಡಿಯ ಗೆಳೆಯರ ಜೊತೆ ಕಾಶ್ಮೀರ ನೋಡಲು ಹೋದರು. ಹೊರಡುವಾಗ ನಾನು ಹೇಳಿದ್ದು ಒಂದೇ ಮಾತು: "ರೀ, ನಂಗೊಂದು ಶಾಲು ತನ್ನಿ."

ತಂದದ್ದು ಪೇಪರಿನಲ್ಲಿ ಸುತ್ತಿದ ಹನ್ನೆರಡು ಗಡ್ಡೆ.

"ಶಾಲೆಲ್ಲಿ?"

"ಈ ಊರಲ್ಲಿ ಶಾಲು ಹೊದ್ಕೊಂಡ್ರೆ ಬೆಂದು ಹೋಗ್ತೀಯಾ. ಇದು ಕೇಸರಿ ಗಡ್ಡೆ. ನೇರಳೆ ಬಣ್ಣದ ಹೂ ಬಿಡ್ತೈತೆ, ಒಂದೊಂದು ಹೂವಲ್ಲೂ ಮೂರು ಕೆಂಪು ಎಳೆ. ಅದೇ ಕೇಸರಿ!"

ಅತ್ತೆ ಒಂದು ಗಡ್ಡೆ ಎತ್ತಿ ಮೂಸಿದರು. ಆಮೇಲೆ ಮಗನ ಮುಖವನ್ನು ನೋಡಿದರು.

"ಲೇ, ಬೇಯೋ ಊರಿಗೆ ಶಾಲು ಬೇಡ ಅಂತೀಯಾ. ಹಿಮದ ಗಿಡ ಮಾತ್ರ ಬೇಕಾ?"

ಇವರು ಕುಂಡ ಹುಡುಕಿಕೊಂಡು ಹಿತ್ತಲಿಗೆ ಹೋದರು.

ಫ್ಯಾನು

ಗಡ್ಡೆ ಮಾರಿದವನು "ತಂಪಾಗಿಡಿ" ಅಂದಿದ್ದನಂತೆ. ಆರು ಕುಂಡಗಳಲ್ಲಿ ಎರಡೆರಡು ಗಡ್ಡೆ ನೆಟ್ಟು ಜಗಲಿಯ ನೆರಳಲ್ಲಿಟ್ಟರು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಅತ್ತೆಯ ಕೋಣೆಯ ಟೇಬಲ್ ಫ್ಯಾನನ್ನೂ ಎತ್ತಿಕೊಂಡು ಬಂದು ಕುಂಡಗಳ ಎದುರಿಗಿಟ್ಟು, ಮಣ್ಣಿನ ಮೇಲೆ ನೀರು ಚಿಮುಕಿಸಿದರು. ಫ್ಯಾನು ತಿರುಗಿದರೆ ಅದೇ ಕಾಶ್ಮೀರ ಅನ್ನುವುದು ಇವರ ನಂಬಿಕೆ.

ಅತ್ತೆ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಬಂದರು. ಮೂರು ಕುಂಡ ಈ ಕಡೆ, ಮೂರು ಕುಂಡ ಆ ಕಡೆ ಸರಿಸಿ ನಟ್ಟನಡುವೆ ಕೂತರು. ಮಗ ಚೊಂಬು ಹಿಡಿದು ಬಂದರೆ ಸೆರಗು ಒಡ್ಡುವುದು: "ನಂಗೂ ನಾಕು ಹನಿ ಹಾಕಪ್ಪ."

ಪಕ್ಕದ ಮನೆಯ ಟೀಚರಮ್ಮ ಗೇಟಿನ ಹತ್ತಿರ ನಿಂತು ಕೇಳಿದರು, "ಯಾಕಜ್ಜಿ, ಕುಂಡಗಳ ಮಧ್ಯೆ ಕೂತಿದೀರಿ?"

"ಈ ಮನೇಲಿ ಕಾಶ್ಮೀರದಿಂದ ಬಂದೋರಿಗಷ್ಟೇ ಗಾಳಿ ಕಣಮ್ಮ," ಅಂದರು ಅತ್ತೆ. "ಯಾರಾದ್ರೂ ಕೇಳಿದ್ರೆ ನನ್ನೂ ಅಲ್ಲಿಂದಲೇ ತಂದವ್ನೆ ಅನ್ನು."

ಮೇಕೆ

ದಸರಾ ಕಳೆದ ಮೇಲೆ ಆರೂ ಕುಂಡಗಳಲ್ಲಿ ಸೂಜಿಯಂಥ ಎಲೆ ಎದ್ದವು. ಇವರ ಸಂಭ್ರಮ ನೋಡಬೇಕಿತ್ತು. ಒಂದೊಂದು ಎಲೆಯನ್ನೂ ಬಗ್ಗಿ ಬಗ್ಗಿ ಮಾತಾಡಿಸುತ್ತಿದ್ದರು.

ಮೊಳಕಾಲ್ಮೂರಿನ ಕಡೆಯಿಂದ ಮಂದೆ ಹೊಡೆದುಕೊಂಡು ಬರುವ ಕುರಿಗಾರನೊಬ್ಬ ನಮ್ಮ ಹಿತ್ತಲಿಗೆ ಗೊಬ್ಬರ ಕೊಡುತ್ತಿದ್ದ. ತೆಲುಗು, ಕನ್ನಡ ಎರಡನ್ನೂ ಒಂದೇ ಮಾತಿನಲ್ಲಿ ಕಲೆಸುವವನು. ಒಂದು ದಿನ ಅವನು ಚೀಲ ಇಳಿಸುವಷ್ಟರಲ್ಲಿ ಅವನ ಮೇಕೆ ಜಗಲಿಗೆ ನುಗ್ಗಿತು. ಐದು ಕುಂಡ ಬೋಳು.

ಇವರು ತಲೆ ಮೇಲೆ ಕೈ ಹೊತ್ತು ಕೂತುಬಿಟ್ಟರು. "ಅಯ್ಯೋ, ಅದು ಕೇಸರಿ ಕಣೋ! ಹಾಲಿಗೆ ಹಾಕೋ ಕೇಸರಿ!"

ಪಾಪ, ಕುರಿಗಾರ ನಿಜವಾಗಿಯೂ ನೊಂದುಕೊಂಡ. ಊಟಕ್ಕೆ ಕರೆದರೂ ನಿಲ್ಲದೆ ಹೋದ. ಮಾರನೇ ಬೆಳಿಗ್ಗೆ ನೋಡಿದರೆ ಹಾಲು ತುಂಬಿದ ಚೊಂಬು ಹಿಡಿದು ಬಾಗಿಲಲ್ಲಿದ್ದಾನೆ.

"ಅಕ್ಕಾ, ಪಾಲು ತೀಸ್ಕೋ. ಆ ಮೇಕೆದೇ."

"ಯಾಕಪ್ಪ ಇದೆಲ್ಲ?"

"ಹಾಲಿಗೆ ಹಾಕೋದು ಅಂದ್ರಲ್ಲ ಅಣ್ಣ? ನೀವೇನೂ ಹಾಕೋದು ಬ್ಯಾಡ. ಅದೇ ಹಾಕ್ಕೊಂಡೈತೆ."

ಮೂರು ಎಳೆ

ಉಳಿದದ್ದು ಒಂದೇ ಕುಂಡ. ಅದರಲ್ಲಿ ಕಾರ್ತಿಕದ ಒಂದು ಬೆಳಿಗ್ಗೆ, ದೇವರಾಣೆಗೂ, ಒಂದು ಹೂ ಅರಳಿತು. ತೆಳು ನೇರಳೆ ಬಣ್ಣ, ನಡುವೆ ಮೂರು ಕೆಂಪು ಎಳೆ. ಆರು ತಿಂಗಳಿಂದ ಮಂಡಿಯವರೆಲ್ಲ ಇವರನ್ನು "ಏನ್ ಕಾಶ್ಮೀರಪ್ಪ" ಅಂತ ಆಡಿಕೊಳ್ಳುತ್ತಿದ್ದರು. ಇವರು ಕಾಫಿಯನ್ನೂ ಕುಡಿಯದೆ ಮಂಡಿಗೆ ಓಡಿದರು. ಮಧ್ಯಾಹ್ನ ಬಂದು ತಣ್ಣಗೆ ಹೇಳಿದರು, "ಸಂಜೆ ಎಲ್ಲರೂ ಬರ್ತಾರೆ. ಕೇಸರಿ ಹಾಲು ಕುಡಿಯೋಕೆ."

"ಎಲ್ಲರೂ ಅಂದ್ರೆ?"

"ಮಂಡಿ ಪೂರ್ತಿ."

"ರೀ, ಇರೋದು ಮೂರು ಎಳೆ!"

ಇವರ ಮುಖ ಆಗ ಬಾಡಿತು. ಮಾನ ಹೋಗುವುದು ಖಂಡಿತ ಅಂತ ಇಬ್ಬರೂ ಪೆಚ್ಚಾಗಿ ನಿಂತಿದ್ದೆವು. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿದರು. "ಹಾಲು ತರಿಸು. ಒಲೆ ಹತ್ರ ಯಾರೂ ಬರಬ್ಯಾಡ್ರಿ."

ಸಂಜೆ ಜಗಲಿ ತುಂಬ ಜನ. ಲೋಟ ಲೋಟದಲ್ಲೂ ಹೊಂಬಣ್ಣದ ಹಾಲು, ಘಮ್ಮೆನ್ನುವ ಏಲಕ್ಕಿ. ಇವರ ಜೊತೆ ಕಾಶ್ಮೀರಕ್ಕೆ ಹೋಗಿದ್ದ ಎಣ್ಣೆ ಗಿರಣಿಯ ಸಾಹುಕಾರರು ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು. ಎಲ್ಲರೂ ಅವರ ಬಾಯನ್ನೇ ನೋಡುತ್ತಿದ್ದರು.

"ಶ್ರೀನಗರದಲ್ಲಿ ಕುಡಿದಿದ್ದು ಹಿಂಗೇ ಇತ್ತು ಕಣ್ಲೇ. ಅಸಲಿ!"

ಇವರ ಕಣ್ಣಲ್ಲಿ ನೀರು. ನಾನು ಹೆಮ್ಮೆಯಿಂದ ಎಲ್ಲರ ಲೋಟಕ್ಕೂ ಇನ್ನಷ್ಟು ಹಾಲು ಬಗ್ಗಿಸಿದೆ.

ಜನ ಚದುರಿದ ಮೇಲೆ ಇವರು ಗೆಳೆಯರನ್ನು ಕಳಿಸಲು ರಸ್ತೆಯವರೆಗೆ ಹೋದರು. ನಾನು ಲೋಟ ತೊಳೆಯಲು ಅಡುಗೆಮನೆಗೆ ಬಂದೆ. ಒಲೆಯ ಪಕ್ಕ ಅರಿಶಿನದ ಡಬ್ಬಿ ಬಾಯಿ ತೆರೆದಿತ್ತು. ಅದರ ಹಿಂದೆ ತಟ್ಟೆಯಲ್ಲಿ ಮೂರೂ ಕೆಂಪು ಎಳೆ ಹಾಗೇ ಮಲಗಿದ್ದವು.

"ಅತ್ತೆ! ಇದನ್ನ ಹಾಕಲೇ ಇಲ್ವಾ?"

"ಅಷ್ಟು ಹಾಲಿಗೆ ಹಾಕಿದ್ರೆ ಯಾರ ಬಾಯಿಗೂ ಸಿಗ್ತಿರ್ಲಿಲ್ಲ. ಬಾಗ್ಲು ಹಾಕು. ನಮ್ಮಿಬ್ರಿಗೆ ಅರಿಶಿನ ಹಾಕ್ದೇ ಎರಡು ಲೋಟ ಎತ್ತಿಟ್ಟೀನಿ."

ಚಿಲಕ ಹಾಕಿಕೊಂಡು, ಎಳೆಗಳನ್ನು ಬಿಸಿ ಹಾಲಿನಲ್ಲಿ ನೆನೆಸಿ, ಇಬ್ಬರೂ ನೆಲದ ಮೇಲೆ ಕೂತೆವು. ಅತ್ತೆ ನಿಧಾನವಾಗಿ ಕೊನೆಯ ಹನಿಯವರೆಗೂ ಕುಡಿದರು. ತುಟಿ ಸವರಿಕೊಂಡರು. "ಹೇಗಿದೆ ಅತ್ತೆ?" ಅಂದೆ.

"ಅರಿಶಿನದ್ದೇ ವಾಸಿ ಕಣೇ," ಅಂದರು.