ಮಾವನ ಉಪ್ಪಿನ ಗುಂಡಿ

ನನ್ನ ಸೋದರಮಾವನಿಗೆ ಇಬ್ಬರು ಹೆಂಡಿರಿದ್ದರು ಎಂದರೆ ನೀವು ನಂಬಲಿಕ್ಕಿಲ್ಲ. ಒಬ್ಬಳು ಮೂಡಲಗಿಯ ಮನೆಯಲ್ಲಿದ್ದ ನಮ್ಮ ಅತ್ತೆ. ಇನ್ನೊಂದು, ಗೋಕಾಕದಲ್ಲಿ ಅರಳೆ ಕಾರ್ಖಾನೆ ಕಟ್ಟುತ್ತಿದ್ದ ಜಾಗದಲ್ಲಿ, ಮೋಟಾರಿನ ಪಕ್ಕದಲ್ಲಿದ್ದ ಒಂದು ಗುಂಡಿ! ಅತ್ತೆಗೆ ಜ್ವರ ಬಂದರೆ "ಕಷಾಯ ಕುಡಿ" ಎಂದು ಸುಮ್ಮನಾಗುತ್ತಿದ್ದ. ಗುಂಡಿ ಒಣಗಿದರೆ ಮಾತ್ರ ಅವನಿಗೆ ಊಟ ಸೇರುತ್ತಿರಲಿಲ್ಲ.

ಆಗ ನಮ್ಮ ಕಡೆ ಕರೆಂಟು ಇನ್ನೂ ಹೊಸತು. ಕಟ್ಟಡ ಮುಗಿಯುವವರೆಗೆ ಬಾವಿಯ ನೀರೆತ್ತಲು ತಾತ್ಕಾಲಿಕವಾಗಿ ಕಂಬ ನೆಟ್ಟು ತಂತಿ ಎಳೆದಿದ್ದರು. ಅದರ ಉಸ್ತುವಾರಿ ಮಾವನದು, ಗಾರೆಗೆ ನೀರು ಬಿಡಿಸುವ ಕೆಲಸ ನನ್ನದು. ಮಾವ ಮೊದಲು ಮಾಡಿದ ಕೆಲಸವೇ ಗುಂಡಿ ತೋಡಿಸಿದ್ದು. ಅದರಲ್ಲಿ ಕಬ್ಬಿಣದ ಕೊಳವೆ ಇಳಿಸಿ, ಸುತ್ತ ಇದ್ದಿಲು, ಉಪ್ಪು ತುಂಬಿ, ಮೋಟಾರಿನ ಮೈಯಿಂದ ತಾಮ್ರದ ತಂತಿ ತಂದು ಕೊಳವೆಯ ಕುತ್ತಿಗೆಗೆ ಬಿಗಿದ. ಇದಕ್ಕೆ ಅರ್ಥಿಂಗ್ ಎನ್ನುತ್ತಾರೆ. ಕರೆಂಟು ದಾರಿ ತಪ್ಪಿ ಮೋಟಾರಿನ ಮೈಗೆ ಬಂದರೆ, ಮುಟ್ಟಿದವರನ್ನು ಬಿಟ್ಟು ಈ ತಂತಿ ಹಿಡಿದು ನೆಲಕ್ಕಿಳಿಯಬೇಕು. ಅದಕ್ಕೆ ಗುಂಡಿ ಸದಾ ಹಸಿಯಾಗಿರಬೇಕು.

"ನಾಕ ತಿಂಗಳ ಕಂಬಕ್ಕ ಇಷ್ಟ್ಯಾಕ್ರೀ ಉಪ್ಪು?" ಎಂದು ಗುತ್ತಿಗೆದಾರ ಗೊಣಗಿದ.

"ಕಂಬ ನಾಕ ತಿಂಗಳದ್ದು ಖರೆ. ಸತ್ತಾಂವ ನಾಕ ತಿಂಗಳಿಗೆ ಎದ್ದ ಬರ್ತಾನೇನ್ರಿ?" ಎಂದ ಮಾವ. ಉಪ್ಪು ಬಂತು!

ನನ್ನ ಮದುವೆ ಹುಕ್ಕೇರಿಯಲ್ಲಿ, ಸುಡುಸುಡು ಬೇಸಿಗೆಯಲ್ಲಿ ಆಯಿತು. ಅಕ್ಷತೆಯ ಹೊತ್ತಿಗೆ ಸೋದರಮಾವನೇ ನಾಪತ್ತೆ! ಅವನ ಸೈಕಲ್ಲೂ ಇಲ್ಲ. ದೀಪ ಹಚ್ಚುವ ಹೊತ್ತಿಗೆ ಬೆವರೊರೆಸಿಕೊಳ್ಳುತ್ತ ಬಂದ.

"ಎಲ್ಲಿ ಹಾಳಾಗಿ ಹೋಗಿದ್ದ್ಯೋ ಅಣ್ಣಾ?" ಎಂದಳು ಅವ್ವ.

"ಗೋಕಾಕಕ್ಕವ್ವಾ. ಇಂಥಾ ಬಿಸಲಾಗ ಗುಂಡಿ ಒಣಗಂಗಿಲ್ಲೇನ?"

ಅವ್ವ ವಾರಗಟ್ಟಲೆ ಅವನೊಡನೆ ಮಾತು ಬಿಟ್ಟಳು. ಅದು ಅವನ ಗಮನಕ್ಕೇ ಬರಲಿಲ್ಲ!

ಮೇಲವಂಕಿಯಿಂದ ಕೆಲಸಕ್ಕೆ ಬರುತ್ತಿದ್ದ ಹೆಣ್ಣುಮಕ್ಕಳು ಗುಂಡಿಗೆ ಮಾವ ಮಾಡುವ ಆರೈಕೆಯನ್ನೆಲ್ಲ ನೋಡುತ್ತಿದ್ದರು. ದಿನಾ ಮುಂಜಾನೆ ನೀರು ಹಾಕುತ್ತಾನೆ, ಹತ್ತಿರ ಉಗುಳಿದರೆ ಮೈಮೇಲೆ ಏರಿ ಬರುತ್ತಾನೆ. ಗುಂಡಿಯಲ್ಲಿರುವುದು ದೇವರಲ್ಲದೆ ಮತ್ತೇನು? ಕೊಳವೆಗೆ ಕುಂಕುಮ, ಭಂಡಾರದ ಅರಿಸಿನ ಏರಿದವು.

"ಮಾವಾ, ಖರೆ ಸಂಗ್ತಿ ಹೇಳಬಾರ್ದೇನ ಇವರಿಗೆ?" ಎಂದೆ.

"ಸುಮ್ನಿರೋ ಅಳಿಯಾ. ಅರ್ಥಿಂಗ್ ಅಂದ್ರ ಯಾರೂ ಒಂದ ತಂಬಿಗಿ ನೀರ ಹಾಕಂಗಿಲ್ಲ. ದೇವರಂದ್ರ ಕೊಡಾ ತುಂಬಿ ತರ್ತಾರ!"

ಆದರೆ ನಾಲ್ಕು ತಿಂಗಳೆಂದ ಕಟ್ಟಡ ವರ್ಷವಾದರೂ ಮುಗಿಯಲಿಲ್ಲ, ಭಕ್ತಿಯೂ ಅತಿಯಾಯಿತು. ಒಂದು ಅಮಾವಾಸ್ಯೆಯ ಬೆಳಿಗ್ಗೆ ಮುದುಕಿಯೊಬ್ಬಳು ದೇವರಿಗೆ ಜಳಕ ಮಾಡಿಸಲೆಂದು ತಂತಿಯನ್ನೇ ಬಿಚ್ಚಿಟ್ಟಿದ್ದಳು! ಮೋಟಾರು ಹಚ್ಚುವ ಮುನ್ನ ಆ ಗಂಟನ್ನು ಎಳೆದು ನೋಡುವುದು ಮಾವನ ಚಾಳಿ. ಅಂದೂ ನೋಡಿದ, ಎದೆ ಹಿಡಿದುಕೊಂಡ.

"ದೇವರ ಕುತ್ತಿಗಿಗೆ ಮತ್ತ ತಂತಿ ಕಟ್ಟಬ್ಯಾಡೋ ಯಪ್ಪಾ, ಸಿಟ್ಟಿಗೇಳತೈತಿ!" ಎಂದಳು ಮುದುಕಿ.

"ಯವ್ವಾ, ಈ ದೇವರು ಕಟ್ಟಿದ್ರ ಶಾಂತ, ಬಿಚ್ಚಿದ್ರನ ಸಿಟ್ಟು!" ಎನ್ನುತ್ತ ಮಾವ ಕುಂಕುಮ ಕೆರೆದು, ತಂತಿ ಬಿಗಿದು, ಆಮೇಲೆಯೇ ಮೋಟಾರು ಹಚ್ಚಿದ.

ಅದೇ ಮಧ್ಯಾಹ್ನ ನನ್ನ ಹೆಂಡತಿ ಬುತ್ತಿ ತಂದಳು. ತುಂಬಿದ ಬಸುರಿ. ಬುತ್ತಿ ಇಳಿಸಿ, ಕೈಕಾಲು ತೊಳೆದು, ಏಳುವಾಗ ಆಸರೆಗೆಂದು ಒದ್ದೆ ಕೈಯನ್ನು ಮೋಟಾರಿನ ಮೇಲೆ ಊರಿದಳು. ಅಷ್ಟರಲ್ಲೇ ಠಪ್ಪೆಂದು ಫ್ಯೂಸು ಹಾರಿ ಮೋಟಾರು ನಿಂತಿತು.

"ನೋಡ್ರಿ, ದೇವರು ಸಿಟ್ಟಿಗೆದ್ದ!" ಎಂದು ಎಲ್ಲರೂ ನಕ್ಕರು. ಮಾವ ನಗಲಿಲ್ಲ. ಕಂಬದ ಕರೆಂಟು ತೆಗೆದು ಮೋಟಾರು ಬಿಚ್ಚಿ ನೋಡಿದ. ಒಳಗೆ ತಂತಿಯ ಹೊದಿಕೆ ಸುಟ್ಟು, ತಂತಿ ಮೋಟಾರಿನ ಮೈಗೆ ತಾಗಿತ್ತು; ಆ ಕರೆಂಟು ಗುಂಡಿಗೆ ಇಳಿದದ್ದಕ್ಕೇ ಫ್ಯೂಸು ಹಾರಿತ್ತು.

"ಮುಂಜಾನೆ ಬಿಚ್ಚಿದಂಗ ಬಿಟ್ಟಿದ್ರ..." ಎಂದ. ಅವಳ ಮುಂದೆ ಕೆಸರಿನಲ್ಲೇ ಕುಳಿತುಬಿಟ್ಟ. "ತಂಗೀ, ಕೈ ತೋರ್ಸವ್ವಾ."

ಕೈ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದ. ಏನೂ ಆಗಿರಲಿಲ್ಲ. ನಮ್ಮೆಲ್ಲರನ್ನೂ ನಗಿಸುತ್ತಿದ್ದ ಮನುಷ್ಯ ಮಗುವಿನ ಹಾಗೆ ಅತ್ತುಬಿಟ್ಟ.

"ನನಗೇನಾಗೇತ್ರೀ ಮಾವಾ? ಯಾಕ ಅಳಾಕತ್ತೀರಿ?" ಎಂದಳು ಅವಳು, ಏನೂ ತಿಳಿಯದೆ.

ಮಾವ ಹೋಗಿ ವರ್ಷಗಳಾದವು. ನನ್ನ ಹೆಂಡತಿ, ಮಗಳು ಇಬ್ಬರನ್ನೂ ನನಗೆ ಉಳಿಸಿಕೊಟ್ಟವನು ಅವನು. ಅವನ ಉಪಕಾರ ಈ ಜನ್ಮದಲ್ಲಿ ತೀರುವುದಲ್ಲ. ಇಂದಿಗೂ ಹೆಂಡತಿ ತಟ್ಟೆಗೆ ಬಿಸಿ ರೊಟ್ಟಿ ಹಾಕುವಾಗ ನಾನು ಆ ಕೈಯನ್ನೇ ನೋಡುತ್ತ ಕೂರುತ್ತೇನೆ.

"ಹಂಗ್ಯಾಕ ನೋಡಾಕತ್ತೀರಿ?" ಎನ್ನುತ್ತಾಳೆ.

"ಇನ್ನೊಂದ ಹಾಕು" ಎನ್ನುತ್ತೇನೆ.