ನಾನು ಮುಯ್ಯಾಳಾದದ್ದು

ಬಿಟ್ಟಿ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಎನ್ನುವ ಪಂಗಡಕ್ಕೆ ನಾನೂ ಸೇರಿದವಳು ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ತರಕಾರಿಯವನು ಕೊಸರಿಗೆ ಕೊಡುವ ಕರಿಬೇವು ಬಾಡಿದ್ದರೂ ಬಿಡುವವಳಲ್ಲ. ಶ್ರೀರಂಗಪಟ್ಟಣದ ತಾಲ್ಲೂಕು ಕಚೇರಿ ಹತ್ತಿರ ನನ್ನದೊಂದು ಪುಟ್ಟ ತೆರಿಗೆ ಸಲಹಾ ಕಚೇರಿಯಿದೆ. ಅಂಗಡಿಯವರು, ಅಕ್ಕಿ ಗಿರಣಿಯವರು ವರ್ಷದ ಬಿಲ್ಲುಗಳನ್ನು ಚೀಲದಲ್ಲಿ ತಂದು ಮೇಜಿನ ಮೇಲೆ ಸುರಿಯುತ್ತಾರೆ. ಅವನ್ನು ಹೊಂದಿಸಿ ರಿಟರ್ನ್ ಸಲ್ಲಿಸುವುದು ನನ್ನ ಹೊಟ್ಟೆಪಾಡು. ಜುಲೈ ಬಂತೆಂದರೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿರುವುದಿಲ್ಲ. ಅಂಥ ಜುಲೈನಲ್ಲೇ ಭವ್ಯ ಬಂದಳು.

ಪಾಂಡವಪುರದ ಕಡೆಯ ಹಳ್ಳಿಯ ಹುಡುಗಿ, ಬಿ.ಕಾಂ. ವಿದ್ಯಾರ್ಥಿನಿ. ಕೈಯಲ್ಲಿ ಕಾಲೇಜಿನ ಪತ್ರವಿತ್ತು: ಆರು ವಾರ ಇಂಟರ್ನ್‌ಶಿಪ್ ಮಾಡಬೇಕು, ಕೊನೆಗೆ ನಾನು ಸಹಿ ಹಾಕಿದ ಸರ್ಟಿಫಿಕೇಟು ಒಪ್ಪಿಸಿದರೆ ಮಾತ್ರ ಅಂಕ. ಸಂಬಳದ ಬಗ್ಗೆ ಪತ್ರದಲ್ಲಿ ಒಂದಕ್ಷರವಿರಲಿಲ್ಲ, ನಾನೂ ಪತ್ರಕ್ಕೆ ಎದುರಾಡಲಿಲ್ಲ. ಎರಡನೆಯ ದಿನ ಅವಳೇ ದುಪಟ್ಟಾದ ತುದಿ ತಿರುಚುತ್ತಾ, "ಮೇಡಂ, ಓಡಾಡಕ್ಕಾದ್ರೂ ಏನಾದ್ರೂ..." ಎಂದಳು. "ಹೆಂಗಸರಿಗೆ ಬಸ್ಸು ಪುಕ್ಕಟೆ ಅಲ್ವೇನಮ್ಮ? ಅನುಭವಕ್ಕಿಂತ ದೊಡ್ಡ ಸಂಬಳ ಇದೆಯಾ?" ಎಂದೆ. ಈ ಮಾತು ನನ್ನ ಸ್ವಂತದ್ದಲ್ಲ. ಮೂವತ್ತು ವರ್ಷದ ಹಿಂದೆ ಮೈಸೂರಿನಲ್ಲಿ ಒಬ್ಬ ಹಿರಿಯರ ಬಳಿ ಎರಡು ವರ್ಷ ಸಂಬಳವಿಲ್ಲದೆ ದುಡಿದೆ. ಲೆಕ್ಕ ಬರೆದೆ, ಮೇಜು ಒರೆಸಿದೆ, ಅವರ ಮನೆಯ ಗ್ಯಾಸ್ ಸಿಲಿಂಡರಿಗೆ ಸಾಲಿನಲ್ಲಿ ನಿಂತೆ. ಅವರು ಇದೇ ಮಾತು ಹೇಳುತ್ತಿದ್ದರು. ಈ ಕಥೆಯನ್ನು ನಾನು ಬಹಳ ಹೆಮ್ಮೆಯಿಂದ ಹೇಳುತ್ತೇನೆ. ಸಂಜೆಯ ರೈಲಿನಲ್ಲಿ ಅಳುತ್ತಾ ಅವರಿಗೆ ಹಾಕಿದ ಶಾಪಗಳನ್ನು ಮಾತ್ರ ಬಿಟ್ಟುಬಿಡುತ್ತೇನೆ.

ಮೊದಲ ವಾರ ಭವ್ಯ ಗಿರಣಿಯವರು ಕೊಂಡದ್ದನ್ನೆಲ್ಲ ಮಾರಿದ್ದೆಂದು ಬರೆದಳು. ಕೂತು ಎಲ್ಲ ತಿದ್ದಿದೆ. ಕಲಿಸುವುದಕ್ಕೆ ನಾನೇ ಶುಲ್ಕ ತೆಗೆದುಕೊಳ್ಳಬೇಕಿತ್ತು ಎಂದೂ ಅನ್ನಿಸಿತು. ಎರಡನೆಯ ವಾರಕ್ಕೆ ಅವಳ ಕೈ ಕುದುರಿತು. ಮೂರನೆಯ ವಾರ ನಾನು ಮನೆಗೆ ಹೋಗಿ ಮಧ್ಯಾಹ್ನ ಒಂದು ಗಂಟೆ ಮಲಗಿ ಬರತೊಡಗಿದೆ. ಜುಲೈನಲ್ಲಿ ಹಗಲುನಿದ್ದೆ ಮಾಡಿದ್ದು ನನ್ನ ವೃತ್ತಿಜೀವನದಲ್ಲೇ ಮೊದಲು. ಆಗಲೇ ಅವಳು ರಜ ಕೇಳಿದ್ದು.

"ಶುಕ್ರವಾರ ನಮ್ಮ ಗದ್ದೆ ನಾಟಿ ಮೇಡಂ. ಆಳು ಸಿಕ್ತಿಲ್ಲ."

"ಹಾಜರಾತಿ ಕಮ್ಮಿಯಾದ್ರೆ ಸರ್ಟಿಫಿಕೇಟು ಹೇಗಮ್ಮ ಕೊಡ್ಲಿ?" ಎಂದೆ. ಹಾಜರಾತಿಯದೊಂದು ನೆವ, ನನ್ನ ಚಿಂತೆಯೆಲ್ಲ ನಿದ್ದೆಯದು. ಹುಡುಗಿ ಮುಖ ಸಣ್ಣದು ಮಾಡಿಕೊಂಡು ಮತ್ತೆ ಬಿಲ್ಲುಗಳತ್ತ ತಿರುಗಿದಳು.

ಆ ವಾರದ ಅಮಾವಾಸ್ಯೆಗೆ ಗಂಜಾಂನ ನಿಮಿಷಾಂಬ ದೇವಸ್ಥಾನಕ್ಕೆ ಬಂದಿದ್ದ ಅವಳ ಅಜ್ಜಿ ಕೆಂಪಮ್ಮ ನೇರ ನನ್ನ ಕಚೇರಿಗೆ ಬಂದರು. ಕುಂಕುಮ ಕೊಟ್ಟು, ಕುರ್ಚಿ ಬೇಡವೆಂದು ಹೊಸಿಲ ಮೇಲೆ ಕೂತು ಕೇಳಿದರು: "ನಮ್ ಮೊಗೀನ ಕೂಲಿಗೆ ಮಡಿಕ್ಕಂಡಿದ್ದೀರೇನವ್ವಾ, ಮುಯ್ಯಿಗಾ?"

ಮುಯ್ಯಾಳೆಂದರೆ ಇವತ್ತು ನಿಮ್ಮ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀವು. ನಡುವೆ ದುಡ್ಡಿನ ಮಾತಿಲ್ಲ. ಎದುರಿಗೆ ಮೂವರು ಅಂಗಡಿಯವರು ಕೂತಿದ್ದರು. ಬಿಟ್ಟಿ ಎನ್ನುವುದಕ್ಕಿಂತ ಮುಯ್ಯಿ ಎನ್ನುವುದು ಗೌರವವಾಗಿ ಕಂಡಿತು. "ಮುಯ್ಯಿಗೇ ಅಂದ್ಕೊಳ್ಳಿ ಅಜ್ಜಿ" ಎಂದು ನಕ್ಕುಬಿಟ್ಟೆ.

ಅಜ್ಜಿ ನಗಲಿಲ್ಲ. "ಅಂಗಾರೆ ಸರಿ ಬುಡಿ. ಸುಕ್ರವಾರ ನಾಟಿ. ಮೊಗೀಗೆ ರಜ ಇಲ್ವಂತಲ್ಲ, ನೀವೇ ಬಂದ್ಬುಡಿ."

ಅಂಗಡಿಯವರು ನನ್ನನ್ನೇ ನೋಡುತ್ತಿದ್ದರು. ಮಾತಿಗೆ ತಪ್ಪುವ ತೆರಿಗೆ ಸಲಹೆಗಾರ್ತಿಯ ಹತ್ತಿರ ಯಾರು ಬಿಲ್ಲು ತಂದಾರು?

ಶುಕ್ರವಾರ ಕಚೇರಿಯ ಬೀಗದ ಕೈ ಭವ್ಯಳಿಗೆ ಕೊಟ್ಟು ಪಾಂಡವಪುರದ ಬಸ್ಸು ಹತ್ತಿದೆ. ಸೀರೆ ಎತ್ತಿ ಕಟ್ಟಿ ಕೆಸರಿಗಿಳಿದ ಹತ್ತು ನಿಮಿಷಕ್ಕೇ ನನಗೊಂದು ಸೊಂಟವಿದೆ ಎಂಬುದು ಗೊತ್ತಾಯಿತು. "ಅಯ್ ಮೇಡಮ್ಮೋರೇ, ಪೈರು ನೆಡಿ ಅಂದ್ರೆ ಊತಾಕ್ತಾವ್ರಲ್ಲ!" ಎಂದು ಪಕ್ಕದವಳು ಕೂಗಿದಳು, ಸಾಲಿಗೆ ಸಾಲೇ ನಕ್ಕಿತು. ನನ್ನ ಹಿಂದೆಯೇ ಒಬ್ಬಳು ನಾನು ನೆಟ್ಟದ್ದನ್ನು ಕಿತ್ತು ಮತ್ತೆ ನೆಡುತ್ತಾ ಬರುತ್ತಿದ್ದಳು. ಮಧ್ಯಾಹ್ನ ಭವ್ಯ ಫೋನು ಮಾಡಿದಳು. "ಗಿರಣಿಯವ್ರದ್ದು ಮುಗೀತು ಮೇಡಂ. ನೀವೊಂದು ಬಿಲ್ಲು ಬಿಟ್ಟಿದ್ರಿ, ಸೇರಿಸ್ದೆ." ನಾನಿಲ್ಲದೆ ಕಚೇರಿ ಕುಸಿಯುತ್ತದೆ ಎಂದುಕೊಂಡಿದ್ದವಳಿಗೆ ಇದು ಸೊಂಟನೋವಿಗಿಂತ ಜೋರಾಗಿ ತಾಗಿತು.

ಬದುವಿನ ಮೇಲೆ ಮುದ್ದೆ, ಬಸ್ಸಾರು ಬಂತು. ನಾನು ಬ್ಯಾಗಿನಿಂದ ನನ್ನ ಡಬ್ಬಿ ತೆಗೆದದ್ದು ಕಂಡು ಅಜ್ಜಿಗೆ ಸಿಟ್ಟೇ ಬಂತು. "ಮುಚ್ಚಿ ಅದ್ನ. ಕೂಲಿ ಇಲ್ದಿದ್ರೂ ಆಳ್ಗೆ ಇಟ್ಟಿಕ್ದೆ ಕಳಿಸ್ತಾರಾ?" ಡಬ್ಬಿಯನ್ನು ಮತ್ತೆ ಬ್ಯಾಗಿಗೆ ಸೇರಿಸಿದೆ. ಇಷ್ಟು ದಿನದಲ್ಲಿ ಭವ್ಯಳಿಗೆ ಊಟವಾಯಿತೇ ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ. ನಾಚಿಕೆಯಾಯಿತು.

ಸಂಜೆ ಕಾಲು ತೊಳೆದುಕೊಂಡು, "ಅಜ್ಜಿ, ಒಂದಾಳಿನ ಮುಯ್ಯಿ ತೀರಿತಲ್ಲ?" ಎಂದೆ.

"ಯಾವಾಳು? ನೀವು ನಟ್ಟಿದ್ನ ಕಿತ್ತು ನೆಡಾಕೆ ಇನ್ನೊಂದಾಳಾಯ್ತು. ಕಲಿಯೋ ದಿನ ಲೆಕ್ಕಕ್ಕಿಲ್ಲ ಕಣವ್ವಾ. ಮೊಗ ಕಲಿಯಾಕೆ ಎಷ್ಟು ದಿನ ತಕ್ಕಂತು?"

"ಒಂದು ವಾರ."

"ಅದ್ನ ಬುಟ್ಟಾಕಿ. ಮಿಕ್ಕಿದ್ದೆಲ್ಲ ಆಳೇ."

ಕಾಲೇಜಿನ ಪತ್ರಕ್ಕೆ ತೋಚದ ನ್ಯಾಯ ಅಜ್ಜಿಯ ಬಾಯಲ್ಲಿ ಒಂದೇ ಮಾತಿಗೆ ಮುಗಿಯಿತು. ಮಾರನೆಯ ದಿನ ಭವ್ಯಳನ್ನು ಕರೆದು ಮೊದಲ ವಾರ ಬಿಟ್ಟು ಉಳಿದದ್ದಕ್ಕೆ ಸಂಬಳ ಎಣಿಸಿ ಕೊಟ್ಟೆ. ಮಧ್ಯಾಹ್ನದ ಊಟ ಇನ್ನು ನನ್ನದು, ಸರ್ಟಿಫಿಕೇಟಿಗೂ ತಕರಾರಿಲ್ಲ ಎಂದೆ. "ಅಜ್ಜಿಗೆ ಹೇಳಮ್ಮ, ಕೂಲಿ ಕೊಟ್ಟಾಯ್ತು, ಇನ್ನು ಮುಯ್ಯಿ ಇಲ್ಲ ಅಂತ."

"ಹೇಳ್ತೀನಿ ಮೇಡಂ. ಆದ್ರೆ ಕಳೆ ಕೀಳಾಕೂ ನೀವು ಬರ್ಬೇಕಂತೆ. ಒಳ್ಳೆ ಅನುಭವ ಆಗುತ್ತೆ ಅಂದ್ರು ಅಜ್ಜಿ."

ನಾನು ಸೊಂಟ ಹಿಡಿದುಕೊಂಡೇ ಕೇಳಿದೆ: "ಕೂಲಿ ಎಷ್ಟು ಕೊಡ್ತಾರಂತೆ?"